ಹುಳು ಹೊಡೆದು ಒಣಗಿದ ಆ್ಯಶ್ ಮರ ಸೌದೆಗೆ ಆಗುತ್ತಾ? ಅನುಭವ ಇರುವವರು ಹೇಳಿ

ಪ್ರಶ್ನೆ:
ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಹೊಸದಾಗಿ ತಗೊಂಡ ಮನೆಯ ಹಿತ್ತಲಲ್ಲಿ ದೊಡ್ಡ ಆ್ಯಶ್ ಮರಗಳು ಒಣಗಿ ನಿಂತಿವೆ. ಹಸಿರು ಹುಳು ಹೊಡೆದದ್ದು ಅಂತ ಪಕ್ಕದ ಮನೆಯವರು ಹೇಳಿದರು. ನಮ್ಮಲ್ಲಿ ಸೌದೆ ಒಲೆ ಇದೆ. ಈ ಮರ ಉರಿಸಬಹುದಾ? ನಾನೇ ಕಡಿಯಬಹುದಾ? ಚೈನ್ ಸಾ ಇದೆ.

ಮಿಷಿಗನ್‌ನಿಂದಲೇ ಒಬ್ಬರು:
ಧಾರಾಳವಾಗಿ ಉರಿಸಿ. ಆ ಹುಳುವಿನ ಹೆಸರು ಎಮರಾಲ್ಡ್ ಆ್ಯಶ್ ಬೋರರ್. ಪೂರ್ವ ಏಷ್ಯಾದಿಂದ ಬಂದದ್ದು. ಅಮೆರಿಕದಲ್ಲಿ ಮೊದಲು ಪತ್ತೆಯಾಗಿದ್ದೇ ನಿಮ್ಮ ಡೆಟ್ರಾಯಿಟ್ ಸುತ್ತಮುತ್ತ, 2002ರಲ್ಲಿ. ಮರಿಹುಳು ತೊಗಟೆಯ ಅಡಿಯಲ್ಲಿ ಅಂಕುಡೊಂಕಾಗಿ ಕೊರೆಯುತ್ತದೆ. ಮರಕ್ಕೆ ಆಹಾರ ಹರಿಯುವ ದಾರಿ ತುಂಡಾಗಿ ಕೆಲವೇ ವರ್ಷದಲ್ಲಿ ಸಾಯುತ್ತದೆ. ಆದರೆ ಅದು ಚೇಗಿನವರೆಗೆ ಹೋಗುವುದಿಲ್ಲ. ಒಳಗಿನ ಮರ ಗಟ್ಟಿಯಾಗೇ ಇರುತ್ತದೆ. ಅದೇ ಹುಳುವಾ ಅಂತ ನೋಡಬೇಕಾದರೆ ತೊಗಟೆ ಮೇಲೆ ಸುಮಾರು 3 ಮಿಲಿಮೀಟರ್ ಅಗಲದ ತೂತು ಹುಡುಕಿ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಂಡಗೆ ಇರುತ್ತದೆ. ಮರಕುಟಿಗ ತೊಗಟೆ ಕೆರೆದು ಬಿಳಿಚಿಕೊಂಡ ಪಟ್ಟೆಗಳೂ ಕಾಣುತ್ತವೆ.

ಓಹಾಯೋದಿಂದ:
ಉರಿಸುವುದು ಸುಲಭ ಸಾರ್, ಕಡಿಯುವುದೇ ಅಪಾಯ. ದಯವಿಟ್ಟು ಚೈನ್ ಸಾ ಒಳಗಿಡಿ. ಸತ್ತ ಆ್ಯಶ್ ಬಹಳ ಬೇಗ ಪೆಡಸಾಗುತ್ತದೆ. ಬೇರೆ ಮರ ಬಾಗುವ ಜಾಗದಲ್ಲಿ ಇದು ಲಟಕ್ಕಂತ ಮುರಿಯುತ್ತದೆ. ಕೆಳಗೆ ಕೊಯ್ಯುವಾಗಿನ ಅದುರಿಗೇ ಮೇಲಿನ ಒಣಕೊಂಬೆ ತಲೆ ಮೇಲೆ ಬೀಳಬಹುದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಆ್ಯಶ್‌ನ ನಾರು ನೇರ. ಅರ್ಧ ಕೊಯ್ದಾಗ ಕಾಂಡ ಉದ್ದಕ್ಕೆ ಸೀಳಿ ಹಿಂಭಾಗ ರಪ್ಪಂತ ಮೇಲೆದ್ದು ಕೊಯ್ಯುವವನಿಗೇ ಬಡಿಯುತ್ತದೆ. ಇಲ್ಲಿನ ಮರ ಕಡಿಯುವವರು ಅದಕ್ಕೆ 'ಬಾರ್ಬರ್ ಚೇರ್' ಅನ್ನುತ್ತಾರೆ. ಸತ್ತು ವರ್ಷಗಳಾದ ಆ್ಯಶ್ ಹತ್ತಲು ಅವರಲ್ಲೇ ಎಷ್ಟೋ ಜನ ಒಪ್ಪುವುದಿಲ್ಲ. ಆಳು ನಿಂತು ಮೇಲೇರುವ ಬಕೆಟ್ ಇರುವ ಲಾರಿ ತಂದು ಮೇಲಿಂದ ತುಂಡು ತುಂಡಾಗಿ ಇಳಿಸುತ್ತಾರೆ.

ಹಾಗಾಗಿ ಇನ್ಶೂರೆನ್ಸ್ ಇರುವವರನ್ನೇ ಕರೆಸಿ, ಕಾಗದ ತೋರಿಸಲು ಹೇಳಿ. "ಉರುಳಿಸಿ, 16 ಇಂಚಿನ ತುಂಡು ಮಾಡಿ ಇಲ್ಲೇ ಬಿಡಿ" ಅಂತ ಮೊದಲೇ ಮಾತಾಡಿಕೊಳ್ಳಿ. ಸಾಗಿಸುವ ಖರ್ಚು ಉಳಿಯುತ್ತದೆ. ಒಲೆ ಚಿಕ್ಕದಿದ್ದರೆ ಮೊದಲು ಅಳತೆ ನೋಡಿಕೊಳ್ಳಿ. ಮುಂದಿನ ವರ್ಷ ನೋಡೋಣ ಅಂತ ಮಾತ್ರ ಮುಂದೂಡಬೇಡಿ. ನಿಂತಷ್ಟೂ ಮರ ಇನ್ನೂ ಅಪಾಯ.

ಮಿನೆಸೋಟದಿಂದ, ಚಳಿಗಾಲವಿಡೀ ಸೌದೆಯಲ್ಲೇ ಕಳೆಯುವವಳು:
ಸತ್ತ ಮರ ಅಂದರೆ ಒಣಗಿದ ಮರ ಅಂತ ಅಲ್ಲ. ತುದಿಯ ಕೊಂಬೆಗಳು ನೇರ ಒಲೆಗೆ ಹೋಗುವಷ್ಟು ಒಣಗಿರಬಹುದು, ಬುಡದ ದಿಮ್ಮಿಯಲ್ಲಿ ಮಾತ್ರ ಪಸೆ ಇದ್ದೇ ಇರುತ್ತದೆ. ಹಸಿ ಆ್ಯಶ್ ಕೂಡ ಉರಿಯುತ್ತದೆ ಅಂತ ಇಲ್ಲಿನ ಹಳಬರು ಹೇಳುತ್ತಾರೆ. ಓಕ್‌ಗಿಂತ ಅದರಲ್ಲಿ ನೀರು ಕಡಿಮೆ, ಅಷ್ಟು ನಿಜ. ಆದರೂ ತೇವದ ಸೌದೆ ಹೊಗೆ ಜಾಸ್ತಿ ಮಾಡುತ್ತದೆ, ಚಿಮಣಿಯೊಳಗೆ ಜಿಡ್ಡು ಮಸಿ ಕಟ್ಟುತ್ತದೆ. ಆಮೇಲೆ ಅದೇ ಬೆಂಕಿ ಹತ್ತಿಕೊಳ್ಳುತ್ತದೆ.

ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಒಂದು ತಗೊಳ್ಳಿ. ಸೌದೆಯ ತುದಿಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಆಗ ತಾನೇ ಸೀಳಿ ಒಳಮೈಗೆ ಚುಚ್ಚಿ. ಶೇ. 20ಕ್ಕಿಂತ ಕಡಿಮೆ ಬಂದರೆ ಉರಿಸಿ. ಇಲ್ಲದಿದ್ದರೆ ಸೀಳಿ, ಹಲಗೆ ಮೇಲೆ ಒಟ್ಟಿ, ಮೇಲ್ಭಾಗ ಮಾತ್ರ ಮುಚ್ಚಿ. ಪಕ್ಕದಲ್ಲಿ ಗಾಳಿ ಆಡಲಿ. ಸಾಮಾನ್ಯವಾಗಿ ಒಂದು ಬೇಸಿಗೆ ಸಾಕು. ನೆಲದ ಮೇಲೆ ಬಿಟ್ಟರೆ ಆ್ಯಶ್ ಬೇಗ ಕೊಳೆಯುತ್ತದೆ, ಅದಕ್ಕೆ ತಡ ಮಾಡಬೇಡಿ. ಸೀಳುವುದಂತೂ ಖುಷಿ, ಕೊಡಲಿ ಇಟ್ಟರೆ ಸಾಕು ಎರಡಾಗುತ್ತದೆ.

ಇಲಿನಾಯ್‌ನಿಂದ, ಮೂಲ ಚಿಕ್ಕಮಗಳೂರು:
ನಮ್ಮ ಕಡೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹಿಡಿದರೆ ಹುಳು ಹೊರಗೆ ಹಾರುವ ಮೊದಲೇ ಕಿತ್ತು ಸುಡುತ್ತಾರೆ. ಇಲ್ಲೂ ಅದೇ ಲೆಕ್ಕ. ಮರ ಸತ್ತ ಜಾಗದಲ್ಲೇ ಸೌದೆ ಖರ್ಚಾಗಲಿ. ಕಡಿದ ಸೌದೆಯಿಂದಲೂ ಮುಂದಿನ ಬೇಸಿಗೆಯಲ್ಲಿ ಮರಿಹುಳು ದುಂಬಿಯಾಗಿ ಹೊರಗೆ ಬರುತ್ತದೆ. ಈ ಹುಳು ದೂರದೂರಿಗೆ ಹಬ್ಬಿದ್ದರಲ್ಲಿ ಕ್ಯಾಂಪಿಂಗ್‌ಗೆ ಡಿಕ್ಕಿಯಲ್ಲಿ ಸೌದೆ ಒಯ್ದವರ ಪಾಲು ದೊಡ್ಡದು. ಆ್ಯಶ್ ಸೌದೆ ಸಾಗಿಸಲು ಅಮೆರಿಕದ ಕೇಂದ್ರ ಸರ್ಕಾರ ಹಾಕಿದ್ದ ನಿರ್ಬಂಧ 2021ರ ಜನವರಿಯಲ್ಲಿ ಹೋಯಿತು. ಹಾಗಂತ ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂತಲ್ಲ. ಹಲವು ರಾಜ್ಯಗಳಲ್ಲಿ, ಪಾರ್ಕುಗಳಲ್ಲಿ ಅವರದೇ ನಿಯಮ ಇದೆ. 10 ಮೈಲಿ ಒಳಗೆ ಇದ್ದರೆ ಒಳ್ಳೆಯದು, 50 ಮೈಲಿ ದಾಟಲೇಬಾರದು ಅಂತ ಇಲ್ಲಿ ಹೇಳುತ್ತಾರೆ. ಗೆಳೆಯರು "ಒಂದಿಷ್ಟು ಕೊಡಿ" ಅಂದರೆ ಎಲ್ಲಿಗೆ ಒಯ್ಯುತ್ತಾರೆ ಅಂತ ಕೇಳಿಯೇ ಕೊಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಚೈನ್ ಸಾ ಒಳಗಿಟ್ಟೆ. ಇನ್ನೊಂದು ಪ್ರಶ್ನೆ. ಸೌದೆ ಗ್ಯಾರೇಜಿನಲ್ಲಿ ಒಟ್ಟಿದರೆ ಹುಳು ಮನೆಯ ಮರಕ್ಕೆ ಹತ್ತುತ್ತಾ? ಮೊದಲೇ ಬಿದ್ದಿರುವ ಒಂದು ದಿಮ್ಮಿಯಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಔಷಧ ಹೊಡೆಯಲಾ?

ಮಿನೆಸೋಟದವರು:
ಹಸಿರು ದುಂಬಿಗೆ ಮನೆಯ ಮರ ಬೇಡ, ಅದಕ್ಕೆ ಬೇಕಾದ್ದು ಬದುಕಿರುವ ಆ್ಯಶ್ ತೊಗಟೆ. ಹಿಟ್ಟು ಉದುರಿಸುವುದು ಬೇರೆ, ಕುಟ್ಟೆ ಹುಳು. ಅದು ಒಣ ಆ್ಯಶ್‌ನ ಹೊರಭಾಗ ತಿನ್ನುತ್ತದೆ. ಮನೆಯ ಮರದ ಸಾಮಾನಿಗೂ ಹಿಡಿಯಬಹುದು. ಅದಕ್ಕೇ ಗ್ಯಾರೇಜ್ ಬೇಡ. ಗೋಡೆಯಿಂದ ದೂರ ಹೊರಗೇ ಒಟ್ಟಿ, ಅವತ್ತಿಗೆ ಬೇಕಾದಷ್ಟನ್ನೇ ಒಳಗೆ ತನ್ನಿ. ಪುಡಿ ಬರುವ ದಿಮ್ಮಿಯನ್ನು ಮೊದಲು ಸೀಳಿ, ಒಣಗಿದ್ದರೆ ಅದನ್ನೇ ಮೊದಲು ಉರಿಸಿ. ಔಷಧ ಮಾತ್ರ ಹೊಡೆಯಲೇಬೇಡಿ, ಅದರ ಹೊಗೆ ಕುಡಿಯುವವರು ನೀವೇ ಅಲ್ವಾ.