ರಾಂಗ್ಲರ್, ಗ್ಲಾಡಿಯೇಟರ್ ಮ್ಯಾನುಯಲ್ ಕ್ಲಚ್ ರೀಕಾಲ್: ನಿಮ್ಮ ಪ್ರಶ್ನೆ, ಗೇರ್‌ಬಾಕ್ಸ್ ತಂತ್ರಜ್ಞರ ಉತ್ತರ

ಅಡ್ಮಿನ್: ಅಮೆರಿಕದಲ್ಲಿರುವ ನಮ್ಮ ಸದಸ್ಯರಲ್ಲಿ ಆರು ಗೇರಿನ ಮ್ಯಾನುಯಲ್ ಜೀಪ್ (ರಾಂಗ್ಲರ್ ಅಥವಾ ಗ್ಲಾಡಿಯೇಟರ್) ಇಟ್ಟುಕೊಂಡವರು ಅದರ ಕ್ಲಚ್ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿ ವಾಪಸ್ ಕರೆಯುವುದು) ಬಗ್ಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ. ಕೊನೆಯಲ್ಲಿ ಹಾಸನದಿಂದ ಬಂದ ಪ್ರಶ್ನೆಯೂ ಒಂದಿದೆ. ಉತ್ತರ ಕೊಟ್ಟವರು ಕ್ಲಚ್, ಗೇರ್‌ಬಾಕ್ಸ್ ಕೆಲಸವನ್ನೇ ವೃತ್ತಿ ಮಾಡಿಕೊಂಡವರು. ಡೀಲರ್ ಹೆಸರು ಯಾರೂ ಬರೆಯಬೇಡಿ.

ಪ್ರಶ್ನೆ (ಡೆನ್ವರ್): ಸರ್, ಒಂದೇ ಕ್ಲಚ್‌ಗೆ ಎಷ್ಟು ಸಲ ರೀಕಾಲ್? 2021ರಲ್ಲಿ ಸಾಫ್ಟ್‌ವೇರ್ ಹಾಕಿ ಸರಿಹೋಯಿತು ಅಂದರು, 2023ರಲ್ಲಿ ಮತ್ತೆ ಪತ್ರ. ನಿಜವಾಗಿ ಒಳಗೆ ಏನಾಗುತ್ತದೆ?

ಉತ್ತರ: ಕೋಪ ಬರುವುದು ನ್ಯಾಯವೇ ಸರ್. ಮೊದಲ ರೀಕಾಲ್ 2020ರಲ್ಲಿ ಬಂತು. 2021ರದರಲ್ಲಿ ಪರಿಹಾರ ಅಂತ ಕೊಟ್ಟದ್ದು ಸಾಫ್ಟ್‌ವೇರ್. 2023ರದು 2018–2023ರ ರಾಂಗ್ಲರ್ ಮತ್ತು 2020–2023ರ ಗ್ಲಾಡಿಯೇಟರ್ ಮ್ಯಾನುಯಲ್‌ಗಳಿಗೆ, ಒಟ್ಟು ಸುಮಾರು 69 ಸಾವಿರ ಗಾಡಿ. ಹಳೆಯ ರೀಕಾಲ್ ಮಾಡಿಸಿಕೊಂಡವರೂ ಅದರಲ್ಲಿ ಸೇರುತ್ತಾರೆ. ಮೂರರಲ್ಲೂ ಹೇಳಿದ ದೋಷ ಒಂದೇ: ಪ್ರೆಷರ್ ಪ್ಲೇಟ್ ಅತಿಯಾಗಿ ಕಾದು ಒಡೆಯಬಹುದು.

ಪ್ರೆಷರ್ ಪ್ಲೇಟ್ ಅಂದರೆ ಕ್ಲಚ್ ಡಿಸ್ಕನ್ನು ಫ್ಲೈವೀಲ್‌ಗೆ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ) ಒತ್ತಿ ಹಿಡಿಯುವ ದಪ್ಪ ಲೋಹದ ಉಂಗುರ. ಹಾಫ್ ಕ್ಲಚ್‌ನಲ್ಲಿ, ಅಂದರೆ ಪೆಡಲ್ ಅರ್ಧ ಒತ್ತಿದ್ದಾಗ, ಡಿಸ್ಕ್ ಅದರ ಮೇಲೆ ಉಜ್ಜುತ್ತದೆ. ಉಜ್ಜಿ ಹುಟ್ಟಿದ ಶಾಖಕ್ಕೆ ಹೋಗಲು ಜಾಗವಿಲ್ಲ, ಏಕೆಂದರೆ ಕ್ಲಚ್ ಕೂತಿರುವ ಬೆಲ್ ಹೌಸಿಂಗ್ ಮುಚ್ಚಿದ ಡಬ್ಬಿ, ಗಾಳಿ ಆಡುವುದಿಲ್ಲ. ಮೇಲ್ಮೈ ಮೊದಲು ನೀಲಿಗಟ್ಟುತ್ತದೆ, ಆಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಬೀಳುತ್ತದೆ. ಒಮ್ಮೆ ಬಿದ್ದ ಬಿರುಕು ತಣ್ಣಗಾದರೂ ಮುಚ್ಚುವುದಿಲ್ಲ, ಮುಂದಿನ ಸಲ ಕಾದಾಗ ಇನ್ನಷ್ಟು ಉದ್ದವಾಗುತ್ತದೆ. ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ತಿರುಗುವಾಗ ಅದು ಸೀಳಿಹೋದರೆ ಕಾದ ಚೂರುಗಳು ಗೇರ್‌ಬಾಕ್ಸ್ ಕೇಸನ್ನೇ ಒಡೆದು ಹೊರಗೆ ಬರುತ್ತವೆ. ಬೆಂಕಿಯ ಅಪಾಯ ಅಂತ ಹೇಳಿದ್ದು ಇದಕ್ಕೇ. "ಕ್ಲಚ್ ಸವೆದಿದೆ, ಇನ್ನೊಂದು ವರ್ಷ ಓಡಿಸೋಣ" ಅನ್ನುವ ಜಾತಿಯ ದೋಷ ಅಲ್ಲ ಇದು.

ಪ್ರಶ್ನೆ (ಫೀನಿಕ್ಸ್): ಸಾಫ್ಟ್‌ವೇರ್ ಹಾಕಿಸಿದ ಮೇಲೆ ಕಡಿದಾದ ಏರಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಸೊರಗುತ್ತದೆ. ಇದು ದೋಷವೋ, ಹಾಗೇ ಮಾಡಿದ್ದೋ?

ಉತ್ತರ: ಹಾಗೇ ಮಾಡಿದ್ದು ಮೇಡಂ. ಕ್ಲಚ್ ಹಾಳಾಗುವಷ್ಟು ಕಾದಿದೆ ಅಂತ ಕಂಪ್ಯೂಟರ್‌ಗೆ ಲೆಕ್ಕ ಬಂದರೆ ಎಂಜಿನ್ ಟಾರ್ಕ್ (ತಿರುಗಿಸುವ ಬಲ) ಇಳಿಸುತ್ತದೆ. ಏರಿನ ಮಧ್ಯೆ ಹೀಗಾದರೆ ಇನ್ನಷ್ಟು ಆಕ್ಸಿಲರೇಟರ್ ಒತ್ತಿ ಹಾಫ್ ಕ್ಲಚ್ ಹಿಡಿಯಬೇಡಿ, ಶಾಖ ಇನ್ನೂ ಏರುತ್ತದೆ. ಬ್ರೇಕ್ ಹಿಡಿದು ನಿಲ್ಲಿಸಿ, ರಿವರ್ಸ್ ಹಾಕಿ ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ ಹಿಡಿತದಲ್ಲೇ ಕೆಳಗಿಳಿಯಿರಿ. ಸಮತಟ್ಟು ಸಿಕ್ಕಿದ ಮೇಲೆ ನ್ಯೂಟ್ರಲ್ ಮಾಡಿ, ಪೆಡಲ್‌ನಿಂದ ಕಾಲು ತೆಗೆದು, ಎಂಜಿನ್ ಐಡಲ್‌ನಲ್ಲೇ ಬಿಟ್ಟು ಕಾಯಿರಿ. ಪೆಡಲ್ ಒತ್ತಿಕೊಂಡು ಕಾದರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಸುಮ್ಮನೆ ಸವೆಯುತ್ತದೆ. ಕಾಯುವುದು ಕನಿಷ್ಠ 15–20 ನಿಮಿಷ. ಸುಟ್ಟ ವಾಸನೆ ಹೋದ ಮಾತ್ರಕ್ಕೆ ಪ್ಲೇಟ್ ತಣ್ಣಗಾಯಿತು ಅಂತಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಟಾರ್ಕ್ ಇಳಿಸುವುದು ರಕ್ಷಣೆ ಹೌದು, ರಿಪೇರಿ ಅಲ್ಲ. ಆಗಲೇ ಬಿರುಕು ಬಿಟ್ಟ ಪ್ಲೇಟನ್ನು ಯಾವ ಸಾಫ್ಟ್‌ವೇರೂ ಸರಿಮಾಡಲಾರದು.

ಪ್ರಶ್ನೆ (ಯೂಟಾದ ಕಲ್ಲುದಾರಿಗಳ ಊರು ಮೋಆಬ್‌ಗೆ ಹೊರಟಿರುವ ಸದಸ್ಯರು): ರೀಕಾಲ್ ಕೆಲಸ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಹೇಗೆ ಓಡಿಸಬೇಕು?

ಉತ್ತರ: ಇದನ್ನು ಸ್ವಲ್ಪ ಲೆಕ್ಕದಲ್ಲೇ ನೋಡೋಣ, ಆಗ ಮನಸ್ಸಿಗೆ ನಾಟುತ್ತದೆ.

ಗಾಡಿ 2,000 ಕಿಲೋ, ಏರು ಶೇ 20 ಅಂತಿಟ್ಟುಕೊಳ್ಳಿ. ರೂಬಿಕಾನ್ (ಈ ಜೀಪ್‌ಗಳ ಆಫ್‌ರೋಡ್ ಮಾದರಿ) ಮ್ಯಾನುಯಲ್‌ನ ಮೊದಲ ಗೇರಿನ ಅನುಪಾತ 5.13, ಆಕ್ಸಲ್‌ನದು 4.10. ಹೈ ರೇಂಜ್‌ನಲ್ಲಿ (ಮಾಮೂಲಿ ರಸ್ತೆಯ ಗೇರಿಂಗ್) ಹೊರಡಲು ಕ್ಲಚ್ ಸುಮಾರು 80ರಿಂದ 100 ನ್ಯೂಟನ್-ಮೀಟರ್ ಟಾರ್ಕ್ ದಾಟಿಸಬೇಕು. ಎಂಜಿನ್ 1,500 ಆರ್‌ಪಿಎಂನಲ್ಲಿದ್ದು ಗಾಡಿ ಇನ್ನೂ ಅಲುಗದಿದ್ದರೆ, 100 ನ್ಯೂಟನ್-ಮೀಟರ್‌ಗೆ ಕ್ಲಚ್‌ನಲ್ಲಿ ಹುಟ್ಟುವ ಶಾಖ 15.7 ಕಿಲೋವ್ಯಾಟ್. ಮನೆಯ 2 ಕಿಲೋವ್ಯಾಟ್ ಗೀಸರ್ ಏಳೆಂಟನ್ನು ಒಟ್ಟಿಗೆ ಆ ಡಬ್ಬಿಯೊಳಗೆ ಹಚ್ಚಿಟ್ಟ ಹಾಗೆ. ಕಲ್ಲಿನ ಮುಂದೆ ಹಾಫ್ ಕ್ಲಚ್‌ನಲ್ಲಿ ಹತ್ತು ಸೆಕೆಂಡ್ ತೂಗಾಡಿದರೆ 157 ಕಿಲೋಜೂಲ್. ನಾಲ್ಕು ಸಲ ಪ್ರಯತ್ನಿಸಿದರೆ ಅದರ ನಾಲ್ಕರಷ್ಟು, ನಡುವೆ ತಣ್ಣಗಾಗಲು ಸಮಯವೇ ಇಲ್ಲ.

ಅದೇ ಜಾಗದಲ್ಲಿ 4ಎಲ್ ಹಾಕಿ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಲೋ ರೇಂಜ್. ರೂಬಿಕಾನ್‌ನ ಲೋ ರೇಂಜ್ 4:1. ಕ್ಲಚ್ ದಾಟಿಸಬೇಕಾದ ಟಾರ್ಕ್ 20–25 ನ್ಯೂಟನ್-ಮೀಟರ್‌ಗೆ ಇಳಿಯುತ್ತದೆ. ಇನ್ನೊಂದು ಲಾಭವೂ ಉಂಟು: ಹೈ ರೇಂಜ್‌ನಲ್ಲಿ 1,500 ಆರ್‌ಪಿಎಂಗೆ ಕ್ಲಚ್ ಪೂರ್ತಿ ಕಚ್ಚಿಕೊಳ್ಳಲು ಗಾಡಿ ಗಂಟೆಗೆ ಸುಮಾರು 11 ಕಿ.ಮೀ. ಮುಟ್ಟಬೇಕು, 4ಎಲ್‌ನಲ್ಲಿ 3 ಕಿ.ಮೀ. ಸಾಕು. ಉಜ್ಜುವ ಬಲವೂ ಕಡಿಮೆ, ಉಜ್ಜುವ ಹೊತ್ತೂ ಕಡಿಮೆ. ರೂಬಿಕಾನ್ ಅಲ್ಲದವಕ್ಕೆ ಲೋ ರೇಂಜ್ 2.72:1, ಲಾಭ ಅಷ್ಟಿಲ್ಲದಿದ್ದರೂ ಚೆನ್ನಾಗಿಯೇ ಇದೆ.

ಹಾಗಾಗಿ ಕಲ್ಲು, ಕಡಿದಾದ ಏರು, ಆಳದ ಮರಳು ಕಂಡ ಕೂಡಲೇ 4ಎಲ್ ಹಾಕಿ, ಸಿಕ್ಕಿಕೊಂಡ ಮೇಲೆ ಅಲ್ಲ. ಏರಿನಲ್ಲಿ ನಿಲ್ಲಿಸಬೇಕಾದರೆ ಬ್ರೇಕ್‌ನಲ್ಲೇ ನಿಲ್ಲಿಸಿ, ಕ್ಲಚ್‌ನಲ್ಲಿ ಗಾಡಿ ತಡೆದು ಹಿಡಿಯಬೇಡಿ. ಟ್ರೇಲರ್ ಕಟ್ಟಿ ಹಿಮ್ಮುಖವಾಗಿ ಏರಿಸುವುದಂತೂ ಕ್ಲಚ್‌ಗೆ ಅತಿ ಕೆಟ್ಟದ್ದು. ಹಿಂದೆ ನೋಡುತ್ತಾ ನಿಧಾನ ಹೋಗುವಾಗ ಎಷ್ಟು ಹೊತ್ತು ಹಾಫ್ ಕ್ಲಚ್‌ನಲ್ಲಿದ್ದೇವೆ ಅನ್ನುವುದು ತಿಳಿಯುವುದೇ ಇಲ್ಲ. ಅಲ್ಲೂ 4ಎಲ್ ಬೇಕು, ಆದರೆ ಒಣ ಟಾರ್ ರಸ್ತೆಯಲ್ಲಿ ತಿರುಗಿಸುತ್ತಾ ಹಾಕಬೇಡಿ, ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿಯುತ್ತದೆ.

ಪ್ರಶ್ನೆ (ಅದೇ ಸದಸ್ಯರು): 33 ಇಂಚಿನ ಟಯರ್ ತೆಗೆದು 37 ಹಾಕಿದ್ದೇನೆ. ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಖಂಡಿತ. 33 ಭಾಗಿಸು 37 ಅಂದರೆ 0.89, ಗೇರಿಂಗ್ ಶೇ 11ರಷ್ಟು ಕೈಕೊಟ್ಟಿದೆ ಅಂತ ಲೆಕ್ಕ. ಅಷ್ಟನ್ನೂ ಕ್ಲಚ್ ಹೊರುತ್ತದೆ. 4.10 ಆಕ್ಸಲ್ ಇದ್ದರೆ ಮೂಲ ಸ್ಥಿತಿಗೆ ಮರಳಲು ಸುಮಾರು 4.60 ಬೇಕು. 4.56 ಹಾಕಿದರೆ ಹತ್ತಿರ ಬರುತ್ತದೆ, ಕಲ್ಲಿನ ದಾರಿಯೇ ಹೆಚ್ಚು ಅನ್ನುವವರಿಗೆ 4.88 ಒಳ್ಳೆಯದು.

ಪ್ರಶ್ನೆ (ಸಿಯಾಟಲ್): ಬಿಡಿಭಾಗ ಬಂದಿಲ್ಲ ಅಂತ ಡೀಲರ್ ತಿಂಗಳುಗಟ್ಟಲೆ ಹೇಳುತ್ತಿದ್ದಾರೆ. ಫೋನ್ ಮಾಡಿದರೆ ಎತ್ತುವುದಿಲ್ಲ. ನಮ್ಮ ಕೈಯಲ್ಲಿ ಏನಿದೆ?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ ಸರ್. ಫೋನ್ ಮಾತು ಮಾತ್ರ ನಂಬಬೇಡಿ.

ಕಂಪನಿಯವರು ಮೊದಲು ಕಳಿಸುವ ಪತ್ರ ಹಲವು ಸಲ ಬರೀ ಎಚ್ಚರಿಕೆ. ಪರಿಹಾರ ಸಿದ್ಧವಾದ ಮೇಲೆ ಎರಡನೆಯದು ಬರುತ್ತದೆ. ಮನೆ ಬದಲಿಸಿದ್ದರೆ ಹಳೆಯ ವಿಳಾಸಕ್ಕೇ ಹೋಗಿರಬಹುದು. ಆದ್ದರಿಂದ ಫೆಡರಲ್ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ 17 ಅಕ್ಷರದ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ನೀವೇ ನೋಡಿ.

ಪರಿಹಾರ ಲಭ್ಯ ಅಂತ ತಿಳಿಸಿದ ದಿನಾಂಕದ ಮೇಲೆ ಗಾಡಿಯನ್ನು ಡೀಲರ್ ಬಳಿ ಒಪ್ಪಿಸಿ, ರಿಪೇರಿ ಆರ್ಡರ್ ಬರೆಸಿಕೊಳ್ಳಿ. ಅದರಲ್ಲಿ ದಿನಾಂಕ, ಓಡಿದ ಮೈಲಿ, ರೀಕಾಲ್ ಸಂಖ್ಯೆ, "ಬಿಡಿಭಾಗ ಇಲ್ಲ" ಅನ್ನುವ ಮಾತು ನಾಲ್ಕೂ ಇರಬೇಕು. ಈ ಕಾಗದ ಯಾಕೆ ಮುಖ್ಯ ಅಂದರೆ, ಫೆಡರಲ್ ಕಾನೂನಿನಲ್ಲಿ ಗಾಡಿ ಒಪ್ಪಿಸಿ 60 ದಿನದೊಳಗೆ ಸರಿಯಾಗಿ ರಿಪೇರಿ ಮಾಡದಿದ್ದರೆ, ನ್ಯಾಯವಾದ ಸಮಯದಲ್ಲಿ ಮಾಡಲಿಲ್ಲ ಅನ್ನುವುದಕ್ಕೆ ಅದೇ ಮೇಲ್ನೋಟದ ಸಾಕ್ಷಿ. ಹಾಗಾದಾಗ ಕಂಪನಿ ಅಂಥದ್ದೇ ಗಾಡಿ ಕೊಡಬೇಕು, ಇಲ್ಲವೇ ಸವಕಳಿ ಕಳೆದು ಹಣ ಮರಳಿಸಬೇಕು. ಈ 60 ದಿನವನ್ನು ಸರ್ಕಾರ ವಿಸ್ತರಿಸಲೂಬಹುದು, ಆದರೂ ಕಾಗದ ಇಲ್ಲದವರ ಎಣಿಕೆ ಶುರುವೇ ಆಗುವುದಿಲ್ಲ.

ಜೊತೆಗೆ ಕಂಪನಿಯ ಗ್ರಾಹಕ ವಿಭಾಗದಲ್ಲಿ ಕೇಸ್ ನಂಬರ್ ತೆಗೆದುಕೊಂಡು ಬಾಡಿಗೆ ಗಾಡಿ ಬರವಣಿಗೆಯಲ್ಲಿ ಕೇಳಿ. ಎನ್‌ಎಚ್‌ಟಿಎಸ್‌ಎಗೂ ದೂರು ಹಾಕಿ. "ಡೀಲರ್ ಒರಟಾಗಿ ಮಾತಾಡಿದರು" ಅಂತ ಬರೆದರೆ ಪ್ರಯೋಜನ ಇಲ್ಲ. ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ, ಏನು ವಾಸನೆ, ಯಾವ ಸೂಚನೆ ಬಂತು ಅಂತ ಬರೆಯಿರಿ. ತನಿಖೆ ಮಾಡುವವರು ಓದುವುದು ಅದನ್ನು.

ಪ್ರಶ್ನೆ (ಆಸ್ಟಿನ್): ರೀಕಾಲ್‌ಗೆ ಮೊದಲೇ ಸ್ವಂತ ದುಡ್ಡಲ್ಲಿ ಕ್ಲಚ್ ಬದಲಿಸಿದ್ದೆ. ಹಣ ವಾಪಸ್ ಬರುತ್ತದೆಯೇ?

ಉತ್ತರ: ಕೇಳಲೇಬೇಕು. ರೀಕಾಲ್ ಪತ್ರಕ್ಕೆ ಮುಂಚೆ ಅದೇ ದೋಷಕ್ಕೆ ಮಾಡಿಸಿದ ಖರ್ಚು ಮರಳಿಸುವ ಯೋಜನೆ ಕಂಪನಿ ಇಟ್ಟಿರಲೇಬೇಕು ಅಂತ ನಿಯಮವಿದೆ. ಷರತ್ತು, ಅವಧಿ ಎರಡೂ ಉಂಟು, ಪತ್ರದಲ್ಲಿ ಓದಿ. ಬಿಡಿಭಾಗ ಮತ್ತು ಕೂಲಿ ಬೇರೆ ಬೇರೆ ಬರೆದ ಬಿಲ್ಲು, ಹಣ ಕಟ್ಟಿದ ರಸೀದಿ, ಆ ದಿನದ ಮೈಲಿ ಬೇಕು. ಇನ್ನೂ ಬದಲಿಸದವರಿಗೆ ಒಂದು ಮಾತು: ಬೇಸತ್ತು ಹೊರಗಿನ ಕಂಪನಿಯ ಕ್ಲಚ್ ಹಾಕಿಸುವ ಮುಂಚೆ, ಆಮೇಲೆ ರೀಕಾಲ್ ಕೆಲಸ ಹೇಗೆ ಮಾಡುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಪ್ರಶ್ನೆ (ಡೆನ್ವರ್): ನನ್ನ ಪ್ಲೇಟ್ ಆಗಲೇ ಹಾಳಾಗಿದೆಯೇ ಅಂತ ತಿಳಿಯುವುದು ಹೇಗೆ?

ಉತ್ತರ: ಹ್ಯಾಂಡ್ ಬ್ರೇಕ್ ಎಳೆದು, ಮೇಲಿನ ಗೇರು ಹಾಕಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೆಯೇ ನೋಡುವ ಹಳೆಯ ಪರೀಕ್ಷೆ ಬೇಡ, ಈ ಪ್ಲೇಟ್‌ಗೆ ಅದೇ ಹೊರೆ. ಖಾಲಿ ಸಮತಟ್ಟು ರಸ್ತೆಯಲ್ಲಿ ಐದನೇ ಗೇರಿನಲ್ಲಿ 40 ಮೈಲಿ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಒಮ್ಮೆ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಹಾರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹೊರಡುವಾಗ ಗಾಡಿ ಗಡಗಡ ನಡುಗುವುದು, ಪೆಡಲ್ ಕಚ್ಚುವ ಜಾಗ ಬದಲಾಗುವುದು, ಗೇರು ಬೀಳಲು ತೊಡಕಾಗುವುದು ಕೂಡ ಲಕ್ಷಣ. ಆದರೆ ಇವು ಯಾವುವೂ ಇಲ್ಲ ಅಂದರೆ ಬಿರುಕಿಲ್ಲ ಅಂತ ಹೇಳಲಾಗದು. ಅದು ಬಿಚ್ಚಿದಾಗ ಮಾತ್ರ ಕಾಣುತ್ತದೆ.

ಪ್ರಶ್ನೆ (ಹಾಸನ): ನಮ್ಮಲ್ಲಿ ಇಂಥ ರೀಕಾಲ್ ಆಗಿದೆಯಾ ಅಣ್ಣಾ? 2022ರ ಸ್ಕಾರ್ಪಿಯೋ-ಎನ್ ಮ್ಯಾನುಯಲ್ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ.

ಉತ್ತರ: ಬೆಂಕಿಯ ಮಟ್ಟದ್ದಲ್ಲ, ಆದರೆ ಅದೇ ಬೆಲ್ ಹೌಸಿಂಗ್ ಒಳಗಿನದು ಒಂದಿದೆ. 2022ರ ಡಿಸೆಂಬರ್‌ನಲ್ಲಿ ಮಹೀಂದ್ರಾ, ಆ ವರ್ಷ ಜುಲೈ 1ರಿಂದ ನವೆಂಬರ್ 11ರವರೆಗೆ ತಯಾರಾದ ಮ್ಯಾನುಯಲ್ ಗಾಡಿಗಳಲ್ಲಿ 12,566 ಎಕ್ಸ್‌ಯುವಿ700 ಮತ್ತು 6,618 ಸ್ಕಾರ್ಪಿಯೋ-ಎನ್ ವಾಪಸ್ ಕರೆಯಿತು. ಬೆಲ್ ಹೌಸಿಂಗ್‌ನ ರಬ್ಬರ್ ಬೆಲ್ಲೋಸ್ (ಮಡಿಕೆಗಳಿರುವ ರಬ್ಬರ್ ಹೊದಿಕೆ) ಅಳತೆಯಲ್ಲಿ ವ್ಯತ್ಯಾಸ ಇರಬಹುದು, ನೋಡಿ ಬದಲಿಸುತ್ತೇವೆ ಅಂತ. ತಯಾರಾದ ತಿಂಗಳು ನೋಡಿಕೊಳ್ಳಿ, ಚಾಸಿಸ್ ನಂಬರ್ ಕೊಟ್ಟು ಸರ್ವೀಸ್ ಸೆಂಟರ್‌ನಲ್ಲಿ ಆ ಕೆಲಸ ಆಗಿದೆಯೇ ಅಂತ ಕೇಳಿ, ಆಮೇಲೆ ಮುಂಗಡ ಕೊಡಿ. ಬಿಸಿಲೆ ಘಾಟಿಯ ಕೆಸರಲ್ಲಿ ಓಡಿದ ಗಾಡಿಯಾದರೆ ಬೆಲ್ ಹೌಸಿಂಗ್ ಕೆಳಗೆ ಎಣ್ಣೆ, ಕೆಸರು ಕಟ್ಟಿದೆಯೇ ಅದನ್ನೂ ನೋಡಿ. ನಮ್ಮ ದೇಶದಲ್ಲಿ 2021ರ ಏಪ್ರಿಲ್‌ನಿಂದ ಕಡ್ಡಾಯ ರೀಕಾಲ್ ನಿಯಮವೂ ಇದೆ, ಏಳು ವರ್ಷದೊಳಗಿನ ಗಾಡಿಗೆ ಅನ್ವಯ.

ಪ್ರಶ್ನೆ (ಸಿಯಾಟಲ್): ಕೊನೆಗೂ ದಿನಾಂಕ ಕೊಟ್ಟರೆ, ಕೆಲಸ ಸರಿಯಾಗಿ ಮಾಡಿದರೇ ಅಂತ ಹೇಗೆ ನೋಡಲಿ?

ಉತ್ತರ: ಗಾಡಿ ಕೊಡುವ ಮುಂಚೆಯೇ ಹೇಳಿ: ಫ್ಲೈವೀಲ್ ಮುಖದಲ್ಲಿ ನೀಲಿ ಕಲೆ, ಬಿರುಕು ಇದೆಯೇ ನೋಡಿ ಫೋಟೊ ತೆಗೆಯಿರಿ, ಹಳೆಯ ಪ್ರೆಷರ್ ಪ್ಲೇಟ್‌ದೂ ಒಂದು ಫೋಟೊ ಬೇಕು ಅಂತ. ಹೊಸ ಪ್ಲೇಟನ್ನು ಸುಟ್ಟ ಫ್ಲೈವೀಲ್ ಮೇಲೆ ಕೂರಿಸಿದರೆ ಹೊರಡುವಾಗ ನಡುಕ ತಪ್ಪದು. ರಿಲೀಸ್ ಬೇರಿಂಗ್ ಬದಲಿಸಿದರೇ, ಎಂಜಿನ್ ಹಿಂದಿನ ಸೀಲಿನಿಂದ ಎಣ್ಣೆ ಜಿನುಗುತ್ತಿತ್ತೇ ಅಂತ ಕೇಳಿ. ಗೇರ್‌ಬಾಕ್ಸ್ ಇಳಿಸಿದಾಗಲೇ ಅದು ಕಾಣುವುದು, ಒಂದು ಹನಿ ಎಣ್ಣೆ ಡಿಸ್ಕ್‌ಗೆ ತಾಗಿದರೂ ಹೊಸ ಕ್ಲಚ್ ಜಾರುತ್ತದೆ.

ವಾಪಸ್ ತೆಗೆದುಕೊಳ್ಳುವಾಗ ಎಂಜಿನ್ ಚಾಲು ಮಾಡಿ ಪೆಡಲ್ ಒತ್ತಿ ರಿವರ್ಸ್ ಹಾಕಿ. ಕರಕರ ಶಬ್ದ ಬಂದರೆ ಹೈಡ್ರಾಲಿಕ್ ಲೈನಿನಲ್ಲಿ ಗಾಳಿ ಉಳಿದಿರಬಹುದು, ಅಲ್ಲೇ ಬ್ಲೀಡ್ ಮಾಡಿಸಿ (ಗಾಳಿ ತೆಗೆಸಿ). ಬಿಲ್ಲಿನಲ್ಲಿ ರೀಕಾಲ್ ಸಂಖ್ಯೆ ಇರಬೇಕು, ಮೊತ್ತ ಸೊನ್ನೆ ಇರಬೇಕು. ಕೆಲವು ದಿನ ಬಿಟ್ಟು ವಿಐಎನ್ ಮತ್ತೆ ಹಾಕಿ ನೋಡಿ, ರೀಕಾಲ್ ಬಾಕಿ ಅಂತಲೇ ತೋರಿಸಿದರೆ ಅವರು ದಾಖಲೆ ಮುಚ್ಚಿಲ್ಲ. ಮೊದಲ 500 ಮೈಲಿ ಊರೊಳಗೆ ನಿಧಾನವಾಗಿ ಓಡಿಸಿ, ಟ್ರೇಲರ್, ಕಲ್ಲಿನ ದಾರಿ ಎರಡೂ ಆಮೇಲೆ.