ಕಣ್ಣು ಮಂಜಾದರೆ ಮರೆವೂ ಬರುತ್ತದೆಯೇ?

ಸಂಜೆಗಾಳಿ: 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ಡಿಮೆನ್ಶಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ, ದಾರಿಮಾಡಿಕೊಡುವ, ಆದರೆ ತಿದ್ದಿಕೊಳ್ಳಬಹುದಾದ 14 ಅಂಶಗಳ ಪಟ್ಟಿಗೆ ಚಿಕಿತ್ಸೆ ಪಡೆಯದ ದೃಷ್ಟಿದೋಷವನ್ನೂ ಸೇರಿಸಿದೆ. ನಾವಿನ್ನೂ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಿರುತ್ತೇವೆ. ಕಣ್ಣಿನ ಪೊರೆ ತೆಗೆಸಿದರೆ ಮರೆವೂ ತಪ್ಪುತ್ತದೆ ಎಂದಾದ ಮೇಲೆ ಮೀನಮೇಷ ಏಕೆ?

ಅಡ್ಡಪ್ರಶ್ನೆ: ತಪ್ಪುತ್ತದೆ ಎಂದು ಯಾರು ಹೇಳಿದರು? ಪೊರೆ ತೆಗೆಸಿಕೊಂಡವರಲ್ಲಿ ಡಿಮೆನ್ಶಿಯಾ ಕಡಿಮೆ ಕಂಡಿದೆ, ಅಷ್ಟೇ. ಓಡಾಡಲು ಗಟ್ಟಿಯಾಗಿರುವವರೇ ಶಸ್ತ್ರಚಿಕಿತ್ಸೆಗೂ ಮುಂದಾಗುತ್ತಾರೆ. ಅಲ್ಲದೆ ನೆನಪಿನ ಪರೀಕ್ಷೆಯಲ್ಲಿ ಚಿತ್ರ ನೋಡಿ ಬರೆಯಿರಿ, ವಾಕ್ಯ ಓದಿ ಎನ್ನುತ್ತಾರೆ. ಕಾಣದವರು ಅಲ್ಲಿ ಅಂಕ ಕಳೆದುಕೊಂಡರೆ ಅದು ಮಿದುಳಿನ ದೋಷವೇ?

ಸಂಜೆಗಾಳಿ: 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಇದನ್ನೇ ಯೋಚಿಸಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆಯ ಶಸ್ತ್ರಚಿಕಿತ್ಸೆಯನ್ನೂ ಪರಿಶೀಲಿಸಿತು. ಅದನ್ನು ಮಾಡಿಸಿಕೊಂಡವರೂ ಆಸ್ಪತ್ರೆಗೆ ಹೋದವರೇ, ಆದರೆ ಆ ಶಸ್ತ್ರಚಿಕಿತ್ಸೆ ಕಳೆದುಹೋದ ದೃಷ್ಟಿಯನ್ನು ಮರಳಿಸುವುದಿಲ್ಲ. ಅಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಅಡ್ಡಪ್ರಶ್ನೆ: ಒಳ್ಳೆಯ ಉತ್ತರ. ಆದರೂ ಅದು ಪ್ರಯೋಗವಲ್ಲ, ಗಮನಿಕೆ. ಕಣ್ಣು ಕಾಣದೆ ಮುಗ್ಗರಿಸಿ ಬೀಳುವ ವಿಷಯದಲ್ಲಾದರೆ ಪ್ರಯೋಗವೇ ಇದೆ: 2005ರ ಬ್ರಿಟನ್ನಿನ ಅಧ್ಯಯನದಲ್ಲಿ, ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆಸಿಕೊಂಡ ಎಪ್ಪತ್ತು ದಾಟಿದ ಮಹಿಳೆಯರು, ಸರದಿಗಾಗಿ ಕಾದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಬಿದ್ದರು. ಅದನ್ನು ಹೇಳಿ. ಮರೆವಿನ ಭಯ ಏಕೆ ಬಿತ್ತಬೇಕು?

ಮಬ್ಬುಗಣ್ಣು: ಇಬ್ಬರೂ ಪೊರೆಯಲ್ಲೇ ಸಿಕ್ಕಿಕೊಂಡಿದ್ದೀರಿ. ನನ್ನದು ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ, ನಡುಭಾಗ ಸವೆಯುವ ಕಾಯಿಲೆ, ಪೊರೆ ತೆಗೆದಂತೆ ತೆಗೆದು ಬಿಸಾಡುವಂಥದ್ದಲ್ಲ. ಎದುರಿನವರ ಮುಖ ಗುರುತು ಸಿಗುವುದಿಲ್ಲ. ಮಾತನಾಡಿಸದೆ ಹೋದರೆ ಜಂಬ ಎನ್ನುತ್ತಾರೆ. ಹೀಗಾಗಿ ನಾಲ್ಕು ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟೆ. ಮೇಲಾಗಿ, ಖಾಲಿ ಗೋಡೆಯ ಮೇಲೆ ಜಾಲರಿ, ಪುಟ್ಟ ಪುಟ್ಟ ಮನುಷ್ಯರು ಕಾಣತೊಡಗಿದಾಗ ಹುಚ್ಚು ಎಂದಾರೆಂದು ಬಾಯಿ ಬಿಡಲಿಲ್ಲ. ಅದು ಚಾರ್ಲ್ಸ್ ಬಾನೆಟ್ ಸಿಂಡ್ರೋಮ್, ದೃಷ್ಟಿ ಕುಂದಿದಾಗ ಮಿದುಳು ತಾನೇ ಕಟ್ಟುವ ಚಿತ್ರಗಳು ಎಂದು ವೈದ್ಯರು ಹೇಳುವವರೆಗೆ ನಿದ್ದೆಯೇ ಇರಲಿಲ್ಲ. ನಿಮ್ಮ ಅಂಕಿಅಂಶದಲ್ಲಿ ಆ ರಾತ್ರಿಗಳು ಯಾವ ಕಲಮಿಗೆ ಸೇರುತ್ತವೆ?

ನಿವೃತ್ತ ದಾದಿ: ನಿಮ್ಮ ಮಾತು ನಿಜ. ನಾನು ಕಂಡದ್ದೂ ಅದೇ. ಬೀಳುವ ಭಯಕ್ಕೆ ನಡಿಗೆ ನಿಲ್ಲುತ್ತದೆ, ಕಾಲಿನ ಕಸುವು ಕುಂದುತ್ತದೆ, ಆಗ ನಿಜವಾಗಿಯೂ ಬೀಳುತ್ತಾರೆ. ದೂರಕ್ಕೂ ಓದಿಗೂ ಒಂದೇ ಆದ ಬೈಫೋಕಲ್ ಕನ್ನಡಕದ ಕೆಳಭಾಗದಲ್ಲಿ ಮೆಟ್ಟಿಲು ಮಸುಕಾಗುತ್ತದೆ ಎಂಬುದನ್ನೂ ಯಾರೂ ತಿಳಿಸುವುದಿಲ್ಲ. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ, ದೀಪ ಹೆಚ್ಚಿಸಿ. ಕೈಯಿಂದ ಕೆಲಸ ಮಾತ್ರ ಕಿತ್ತುಕೊಳ್ಳಬೇಡಿ.

ಮಬ್ಬುಗಣ್ಣು: ಪಟ್ಟಿ ಅಂಟಿಸಲಿ, ಸಂತೋಷ. ನನ್ನನ್ನು ಕೇಳದೆ ಕುರ್ಚಿ ಸರಿಸದಿದ್ದರೆ ಇನ್ನೂ ಸಂತೋಷ.