ಮೂರು ಗೋದಾಮಿಗೆ ಪ್ರಶ್ನೆ, ಅಂಗಡಿಗೆ ಒಂದೇ ಉತ್ತರ: ಕ್ಯಾಮೆಲ್‌ನಲ್ಲಿ ಹೊಂದಿಸುವುದು ಹೇಗೆ?

ಪ್ರಶ್ನೆ (ಸದಸ್ಯೆ, ಮಾರತ್ತಹಳ್ಳಿ)

ನಮಸ್ಕಾರ ಸರ್. ವಾಹನ ಬಿಡಿಭಾಗಗಳ ಸಗಟು ವ್ಯಾಪಾರಿಯೊಬ್ಬರಿಗೆ ನಾವು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ಅವರಿಗೆ ಪೀಣ್ಯ, ಬೊಮ್ಮಸಂದ್ರ, ಹೊಸಕೋಟೆಗಳಲ್ಲಿ ಗೋದಾಮುಗಳಿವೆ. ಒಂದೊಂದರಲ್ಲೂ ಬೇರೆ ಬೇರೆ ಕಾಲದಲ್ಲಿ ಹಾಕಿಸಿದ ಬೇರೆ ಬೇರೆ ವ್ಯವಸ್ಥೆ. ಜೆ.ಸಿ. ರಸ್ತೆಯ ಅಂಗಡಿಯವರು ಬ್ರೇಕ್ ಪ್ಯಾಡಿನ ನಂಬರ್ ಹಾಕಿ ಎಷ್ಟಿದೆ ಎಂದು ಕೇಳಿದರೆ, ಮೂರೂ ಕಡೆ ವಿಚಾರಿಸಿ ಒಂದೇ ಉತ್ತರ ಕೊಡಬೇಕು.

ಬೇರೆ ಬೇರೆ ವ್ಯವಸ್ಥೆಗಳ ನಡುವೆ ಸಂದೇಶ ಸಾಗಿಸುವ ಅಪಾಚೆ ಕ್ಯಾಮೆಲ್ ಎಂಬ ಜಾವಾ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ಕೋರಿಕೆಯನ್ನು ಸ್ಪ್ಲಿಟ್ ಮಾಡಿ (ತುಂಡಾಗಿಸಿ), ಆಯಾ ಗೋದಾಮಿಗೆ ಕಳುಹಿಸಿ, ಕೊನೆಯಲ್ಲಿ ಅಗ್ರಿಗೇಟ್ (ಬಂದದ್ದನ್ನು ಒಟ್ಟುಗೂಡಿಸುವ ಹಂತ) ಹಾಕಿದ್ದೇನೆ. ಲಾಗ್ (ಪ್ರೋಗ್ರಾಮ್ ಬರೆದಿಡುವ ದಾಖಲೆ) ನೋಡಿದರೆ ಎಲ್ಲವೂ ಸರಿ: 40, 12, 6, ಒಟ್ಟು 58. ಆದರೆ ಅಂಗಡಿಯವರ ಪರದೆಗೆ ಮರಳುವುದು ಅವರೇ ಕಳುಹಿಸಿದ ಕೋರಿಕೆ. ಮೂರು ದಿನದಿಂದ ಇದೇ ಆಗಿದೆ. ಎಲ್ಲಿ ಎಡವಿದ್ದೇನೆ?

ಉತ್ತರ (ಇಂಟಿಗ್ರೇಶನ್ ಆರ್ಕಿಟೆಕ್ಟ್)

ಲೆಕ್ಕ ಸರಿಯಾಗಿದೆ ಮೇಡಂ, ಕೂಡಿಸಿದ ಜಾಗ ತಪ್ಪು. ಕ್ಯಾಮೆಲ್‌ಗೆ ಹೊಸಬರಾದ ಬಹಳ ಮಂದಿ ಇಲ್ಲೇ ಸಿಕ್ಕಿಕೊಳ್ಳುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಗ್ರಿಗೇಟ್ ಇರುವುದು ಕಾಯುತ್ತ ನಿಂತವರಿಗೆ ಉತ್ತರ ಕೊಡಲಿಕ್ಕಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಡಿಬಿಡಿಯಾಗಿ ಬರುವ ಬಿಲ್ಲುಗಳನ್ನು ನೂರು ನೂರರ ಕಟ್ಟು ಕಟ್ಟಿ ಮುಂದಕ್ಕೆ ಸಾಗಿಸುವಂಥ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಕಟ್ಟು ತುಂಬಿತೋ, ಅಲ್ಲಿಂದ ಹೊಸದೊಂದು ಸಂದೇಶ ಹೊರಟು ತನ್ನದೇ ದಾರಿ ಹಿಡಿಯುತ್ತದೆ. ಕೋರಿಕೆ ತಂದವರ ಕಡೆಗೆ ಅದು ತಿರುಗಿ ಹೋಗುವುದಿಲ್ಲ. ನಿಮ್ಮ 58 ಹುಟ್ಟಿದ್ದು ಆ ದಾರಿಯಲ್ಲಿ, ಅದಕ್ಕೇ ಲಾಗ್‌ನಲ್ಲಿ ಕಂಡಿತು. ಇತ್ತ ಸ್ಪ್ಲಿಟ್‌ಗೆ ಕೂಡಿಸುವ ಬಗೆಯನ್ನು ಹೇಳಿಕೊಡದಿದ್ದರೆ ಅದು ತನಗೆ ಬಂದ ಮೂಲ ಸಂದೇಶವನ್ನೇ ಹಿಂದಿರುಗಿಸುತ್ತದೆ. ಅಂಗಡಿಯವರಿಗೆ ಅವರದೇ ಕೋರಿಕೆ ಮರಳಿದ್ದು ಹೀಗೆ.

ಕೂಡಿಸುವ ಕೋಡ್, ಅಂದರೆ ಅಗ್ರಿಗೇಶನ್ ಸ್ಟ್ರಾಟಜಿಯನ್ನು, ಕವಲೊಡೆಯುವ ಜಾಗದಲ್ಲೇ ಕೊಡಬೇಕು. ಸ್ಪ್ಲಿಟ್ ಅದನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಆದರೆ ನಿಮ್ಮ ಕೆಲಸಕ್ಕೆ ಸ್ಪ್ಲಿಟ್ ಬೇಕಿಲ್ಲ. ಹತ್ತು ಸಾಲಿನ ಆರ್ಡರನ್ನು ಹತ್ತು ತುಂಡು ಮಾಡುವುದಾದರೆ ಸ್ಪ್ಲಿಟ್. ಒಂದೇ ಪ್ರಶ್ನೆಯನ್ನು ಮೂವರಿಗೆ ಕೇಳುವುದಾದರೆ ಮಲ್ಟಿಕಾಸ್ಟ್. ಯಾರನ್ನು ಕೇಳಬೇಕೆಂಬುದು ಬಿಡಿಭಾಗದ ಮೇಲೆ ಬದಲಾಗುವುದಾದರೆ ರೆಸಿಪಿಯೆಂಟ್ ಲಿಸ್ಟ್.

ಮಲ್ಟಿಕಾಸ್ಟ್‌ಗೂ ಸ್ಟ್ರಾಟಜಿ ಕೊಡಲು ಮರೆಯಬೇಡಿ. ಕೊಡದಿದ್ದರೆ ಕೊನೆಯ ಗೋದಾಮಿನ ಉತ್ತರ ಮಾತ್ರ ಉಳಿಯುತ್ತದೆ. ಪರದೆಯ ಮೇಲೆ 6 ಕಾಣುತ್ತದೆ, ಅದು ತಪ್ಪೆಂದು ಯಾರಿಗೂ ಹೊಳೆಯುವುದೂ ಇಲ್ಲ. ಸ್ಟ್ರಾಟಜಿಯ ಒಳಗೆ ಮೊದಲ ಉತ್ತರ ಬಂದಾಗ ಹಳೆಯದು (ಅದುವರೆಗೆ ಕೂಡಿಸಿದ್ದು) ಎಂಬ ಜಾಗದಲ್ಲಿ ನಲ್, ಅಂದರೆ ಖಾಲಿ, ಇರುತ್ತದೆ, ಅದನ್ನು ನೋಡಿಕೊಂಡೇ ಮುಂದುವರಿಯಿರಿ.

ಇನ್ನೊಂದು ಮಾತು. ನೀವಾಗಿ ಹೇಳದಿದ್ದರೆ ಕ್ಯಾಮೆಲ್ ಒಬ್ಬರಾದ ಮೇಲೆ ಒಬ್ಬರನ್ನು ಕೇಳುತ್ತದೆ. ಗೋದಾಮುಗಳು 2, 3, 4 ಸೆಕೆಂಡು ತೆಗೆದುಕೊಂಡರೆ ಅಂಗಡಿಯವರು 9 ಸೆಕೆಂಡು ಕಾಯಬೇಕು. ಪ್ಯಾರಲಲ್ ಪ್ರೊಸೆಸಿಂಗ್ (ಎಲ್ಲರನ್ನೂ ಒಟ್ಟಿಗೆ ಕೇಳುವುದು) ಹಾಕಿದರೆ ಸುಮಾರು 4ಕ್ಕೆ ಮುಗಿಯುತ್ತದೆ. ಆದರೆ ಮೂರು ಕವಲಿಗೂ ಹೋಗುವ ಪ್ರತಿಗಳು ಮೇಲುಮೇಲಿನ ಪ್ರತಿಗಳು (ಶ್ಯಾಲೋ ಕಾಪಿ). ಒಳಗಿನ ಜಾವಾ ಆಬ್ಜೆಕ್ಟ್ ಒಂದೇ. ಪೀಣ್ಯದ ಕವಲು ಅದರಲ್ಲಿ ಏನಾದರೂ ತಿದ್ದಿದರೆ ಬೊಮ್ಮಸಂದ್ರಕ್ಕೂ ಅದೇ ಕಾಣುತ್ತದೆ. ತಿದ್ದಲೇಬೇಕಾದರೆ ಆನ್‌ಪ್ರಿಪೇರ್‌ನಲ್ಲಿ (ಕವಲಿಗೆ ಕಳುಹಿಸುವ ಮೊದಲಿನ ಹಂತ) ಪೂರ್ತಿ ನಕಲು ಮಾಡಿಸಿಕೊಳ್ಳಿ.

ಸದಸ್ಯೆ, ಮಾರತ್ತಹಳ್ಳಿ

ತುಂಬಾ ಧನ್ಯವಾದಗಳು ಸರ್. ಮಲ್ಟಿಕಾಸ್ಟ್‌ಗೆ ಬದಲಾಯಿಸಿದೆ, 58 ನೇರವಾಗಿ ಪರದೆಗೆ ಬಂತು! ಈಗ ಬೇರೆ ಚಿಂತೆ. ಹೊಸಕೋಟೆಯ ಲೈನ್ ಆಗಾಗ ಕಡಿದುಹೋಗುತ್ತದೆ. ಅದಕ್ಕೆ ಕೋರಿಕೆ ಹೋಗುವುದು ಜೆಎಂಎಸ್ ಕ್ಯೂ (ಜಾವಾದಲ್ಲಿ ಸಂದೇಶಗಳ ಸರದಿ ಸಾಲು) ಮೂಲಕ. ಅದು ಉತ್ತರಿಸದಿದ್ದರೆ ಉಳಿದೆರಡೂ ತಡವಾಗುತ್ತವೆ. ಟೈಮ್‌ಔಟ್ (ಕಾಯುವ ಗಡುವು) ಹಾಕಿ, ಬಾರದವರಿಗೆ 0 ಎಂದು ತುಂಬಿದರೆ ಸಾಕೇ?

ಉತ್ತರ

ಟೈಮ್‌ಔಟ್ ಹಾಕಿ. 0 ಮಾತ್ರ ದಯವಿಟ್ಟು ತುಂಬಬೇಡಿ.

ಕೆಲವು ವರ್ಷಗಳ ಹಿಂದೆ ಔಷಧ ವಿತರಕರೊಬ್ಬರ ಕೆಲಸದಲ್ಲಿ ನಾನೇ ಹಾಗೆ ಮಾಡಿದ್ದೆ. ಒಂದು ಮಧ್ಯಾಹ್ನ ಗೋದಾಮಿನ ಸರ್ವರ್ ನಿಂತಿತು, ನನ್ನ ಕೋಡ್ 0 ಎಂದು ತುಂಬಿ ಕೊಟ್ಟಿತು. ಕೌಂಟರಿನಲ್ಲಿದ್ದ ಹುಡುಗ ಪರದೆ ನೋಡಿ ಇನ್ಸುಲಿನ್ ಸ್ಟಾಕ್ ಇಲ್ಲ ಎಂದು ಹೇಳಿ ಗಿರಾಕಿಯನ್ನು ಕಳುಹಿಸಿಬಿಟ್ಟ. ಅದೇ ಹೊತ್ತಿಗೆ ಗೋದಾಮಿನ ಫ್ರಿಜ್ಜಿನಲ್ಲಿ ಮೂರು ಪೆಟ್ಟಿಗೆ ಇತ್ತು. ಸಂಜೆ ಗೋದಾಮಿನವರು ಫೋನ್ ಮಾಡಿ ಇದನ್ನು ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಗೋದಾಮಿನಲ್ಲಿ ಮಾಲಿಲ್ಲ ಎಂಬುದು ಒಂದು ಉತ್ತರ. ಗೋದಾಮು ಮಾತನಾಡಲಿಲ್ಲ ಎಂಬುದು ಬೇರೆಯೇ ಸಂಗತಿ. ಅಂಗಡಿಯವರಿಗೆ ಎರಡೂ ಬೇರೆಯಾಗಿಯೇ ತಲುಪಬೇಕು.

ಆದ್ದರಿಂದ ಕೂಡಿಸಿದ ಉತ್ತರದಲ್ಲಿ ಒಟ್ಟು ಮೊತ್ತವೊಂದನ್ನೇ ಇಡಬೇಡಿ. ಗೋದಾಮಿನ ಹೆಸರು, ಸಂಖ್ಯೆ, ಸ್ಥಿತಿ ಮೂರನ್ನೂ ಇಡಿ. ಪರದೆಯಲ್ಲಿ "ಪೀಣ್ಯ 40, ಬೊಮ್ಮಸಂದ್ರ 12, ಹೊಸಕೋಟೆ: ಉತ್ತರ ಬಂದಿಲ್ಲ" ಎಂದು ಬರಲಿ. ಅಂಗಡಿಯವರು ಫೋನ್ ಎತ್ತಿ ಕೇಳಿಕೊಳ್ಳುತ್ತಾರೆ.

ಮಲ್ಟಿಕಾಸ್ಟ್‌ನ ಟೈಮ್‌ಔಟ್ ಪ್ಯಾರಲಲ್ ಇದ್ದಾಗ ಮಾತ್ರ ನಡೆಯುತ್ತದೆ. ಅವಧಿ ಮೀರಿದಾಗ ಸ್ಟ್ರಾಟಜಿಯ ಟೈಮ್‌ಔಟ್ ಮೆಥಡ್‌ಗೆ ಎಷ್ಟನೆಯ ಕವಲು ಬಾಕಿ ಉಳಿಯಿತು ಎಂಬ ಸಂಖ್ಯೆ ಸಿಗುತ್ತದೆ, "ಉತ್ತರ ಬಂದಿಲ್ಲ" ಎಂದು ಬರೆಯುವ ಜಾಗ ಅದು. ಲೈನ್ ಕಡಿದು ಎಕ್ಸೆಪ್ಶನ್ (ದೋಷದ ಸೂಚನೆ) ಬಂದರೆ ಅದು ಮಾಮೂಲಿ ದಾರಿಯಲ್ಲೇ, ಸ್ಟ್ರಾಟಜಿಗೆ ಸಿಗುವ ಹೊಸ ಸಂದೇಶದೊಳಗೆ ಬರುತ್ತದೆ. ಅಲ್ಲಿಯೂ ತೆರೆದು ನೋಡಿ. ಇಲ್ಲಿ ಬಹಳ ಮಂದಿ ಗಮನಿಸದ ಒಂದು ಅಂಶವಿದೆ: ಜೆಎಂಎಸ್‌ನಲ್ಲಿ ಉತ್ತರಕ್ಕಾಗಿ ಕ್ಯಾಮೆಲ್ ತಾನಾಗಿ 20 ಸೆಕೆಂಡು ಕಾಯುತ್ತದೆ. ನೀವು ಮೇಲೆ 5 ಸೆಕೆಂಡು ಎಂದು ಹಾಕಿದರೂ ಒಳಗಿನ ಕೆಲಸ ಅಷ್ಟು ಹೊತ್ತು ನೇತಾಡುತ್ತಲೇ ಇರಬಹುದು. ಒಳಗಿನ ಗಡುವನ್ನು 4ಕ್ಕೆ ಇಳಿಸಿ. ಒಳಗಿನದು ಯಾವಾಗಲೂ ಹೊರಗಿನದಕ್ಕಿಂತ ಕಡಿಮೆ ಇರಲಿ.

ಇನ್ನೊಬ್ಬ ಸದಸ್ಯ, ರಾಜಾಜಿನಗರ

ಸರ್, ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮದೂ ಜೆಎಂಎಸ್. ಒಂದು ಸರ್ವರ್ ಇದ್ದಾಗ ಚೆನ್ನಾಗಿತ್ತು. ಎರಡನೆಯದನ್ನು ಸೇರಿಸಿದ ಮೇಲೆ ಸುಮಾರು ಅರ್ಧದಷ್ಟು ಕೋರಿಕೆಗಳು 20 ಸೆಕೆಂಡು ಕಾದು ಸೋಲುತ್ತಿವೆ. ಆದರೆ ಉತ್ತರ ಕ್ಯೂಗೆ ಬಂದಿರುವುದು ಬ್ರೋಕರ್‌ನಲ್ಲಿ (ಕ್ಯೂಗಳನ್ನು ನಡೆಸುವ ಸರ್ವರ್) ಕಾಣುತ್ತದೆ. ರಿಪ್ಲೈ ಕ್ಯೂಗೆ (ಉತ್ತರಗಳು ಮರಳುವ ಸಾಲು) ನಾವೇ ಹೆಸರಿಟ್ಟು, ವೇಗಕ್ಕಾಗಿ ಎಕ್ಸ್‌ಕ್ಲೂಸಿವ್ ಎಂದು ಹಾಕಿದ್ದೇವೆ.

ಉತ್ತರ

ಎರಡೂ ಸರ್ವರಿನಲ್ಲಿ ಆ ಕ್ಯೂಗೆ ಒಂದೇ ಹೆಸರು ಅಲ್ಲವೇ? ಎಕ್ಸ್‌ಕ್ಲೂಸಿವ್ ಎಂದರೆ ಈ ಕ್ಯೂ ನನ್ನೊಬ್ಬನದೇ ಎಂದು ಸರ್ವರ್ ನಂಬಿಕೊಂಡು ಸಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳುತ್ತದೆ. ಎರಡನೆಯದಕ್ಕೆ ಸೇರಬೇಕಾದ ಉತ್ತರ ಮೊದಲನೆಯದರ ಕೈಗೆ ಸಿಕ್ಕಿದರೆ, ಆ ಕೊರಿಲೇಶನ್ ಐಡಿ (ಉತ್ತರವನ್ನು ಅದರ ಕೋರಿಕೆಗೆ ಹೊಂದಿಸುವ ಗುರುತು) ತನ್ನ ಪಟ್ಟಿಯಲ್ಲಿ ಇಲ್ಲದ್ದರಿಂದ ಅದು ಅಲ್ಲೇ ಕಳೆದುಹೋಗುತ್ತದೆ. ಇಲ್ಲಿ ಎರಡನೆಯದು ಕಾಯುತ್ತಲೇ ಇರುತ್ತದೆ. ಒಂದೊಂದು ಸರ್ವರ್‌ಗೂ ಬೇರೆ ಹೆಸರಿನ ರಿಪ್ಲೈ ಕ್ಯೂ ಕೊಡಿ. ಹೆಸರು ಒಂದೇ ಇರಬೇಕೆಂದಾದರೆ ಶೇರ್ಡ್ ಎಂದು ಹಾಕಿ. ಆಗ ಐಡಿ ನೋಡಿ ತನ್ನದನ್ನಷ್ಟೇ ಆರಿಸಿಕೊಳ್ಳುತ್ತದೆ, ವೇಗ ಕಡಿಮೆಯಾಗುತ್ತದೆ.

ಸದಸ್ಯೆ, ಮಾರತ್ತಹಳ್ಳಿ

ಸರ್, ಸ್ಥಿತಿಯ ಕಾಲಂ ಸೇರಿಸಿದೆ. ಸೋಮವಾರ ಗ್ರಾಹಕರಿಗೆ ತೋರಿಸಬೇಕು. ಅದಕ್ಕೆ ಮೊದಲು ಏನನ್ನು ಪರೀಕ್ಷಿಸಲಿ?

ಉತ್ತರ

ಮೂರೂ ಚೆನ್ನಾಗಿ ನಡೆಯುವಾಗ ಪರೀಕ್ಷಿಸಿದ್ದು ಸಾಲದು. ಹೊಸಕೋಟೆಯ ಪರೀಕ್ಷಾ ಸರ್ವರ್ ನಿಲ್ಲಿಸಿ ಒಮ್ಮೆ ಕೇಳಿ. ಆಮೇಲೆ ಅದು 6 ಸೆಕೆಂಡು ತಡೆದು ಉತ್ತರಿಸುವಂತೆ ಮಾಡಿ ಇನ್ನೊಮ್ಮೆ ಕೇಳಿ, ತಡವಾಗಿ ಬಂದ ಉತ್ತರ ಮುಂದಿನ ಗಿರಾಕಿಯ ಲೆಕ್ಕಕ್ಕೆ ಸೇರಿಕೊಳ್ಳುತ್ತದೆಯೇ ನೋಡಿ. ಕೊನೆಗೆ ಐವತ್ತು ಬೇರೆ ಬೇರೆ ಬಿಡಿಭಾಗಗಳ ಕೋರಿಕೆಗಳನ್ನು ಒಟ್ಟಿಗೆ ಬಿಟ್ಟು, ಬಂದ ಐವತ್ತು ಉತ್ತರಗಳಲ್ಲಿ ಬಿಡಿಭಾಗದ ನಂಬರ್ ಹೊಂದುತ್ತದೆಯೇ ಎಂದು ಒಂದೊಂದನ್ನೂ ತಾಳೆ ನೋಡಿ. ಸೋಮವಾರ ಗ್ರಾಹಕರ ಎದುರಿಗೇ ಹೊಸಕೋಟೆಯ ಲೈನ್ ಕಿತ್ತು ತೋರಿಸಿ.